ತಿರುಪ್ಪೂರಿನ ಬಣ್ಣದ ನೀರು ಮತ್ತು ಎರಡಾಗುವ ಬ್ಯಾಕ್ಟೀರಿಯಾ

ಕರಾವಳಿಯ ರೆಡಿಮೇಡ್ ಅಂಗಡಿಗಳಿಗೆ ಬನಿಯನ್, ಟೀಶರ್ಟ್ ಬರುವುದು ಹೆಚ್ಚಾಗಿ ತಿರುಪ್ಪೂರಿನಿಂದ. ಆ ಬಟ್ಟೆಗೆ ಹಾಕಿದ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ವರ್ಷಗಟ್ಟಲೆ ಅದು ಸೀದಾ ನೊಯ್ಯಲ್ ನದಿಗೆ ಹೋಗುತ್ತಿತ್ತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣ ಮತ್ತು ಉಪ್ಪಿನ ನೀರಿನ ತೊಟ್ಟಿಯಾಯಿತು. ರೈತರು ಕೋರ್ಟ್ ಮೆಟ್ಟಿಲೇರಿದರು. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನೆಲ್ಲ ಮುಚ್ಚಿಸಿತು. ಆಗ ಬಾಗಿಲು ಹಾಕಿದವು 700ಕ್ಕೂ ಹೆಚ್ಚು. ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಇದ್ದರೆ ಮಾತ್ರ ಮತ್ತೆ ತೆರೆಯಬಹುದು ಎಂಬುದು ಷರತ್ತು.

ಇಂಥ ಶುದ್ಧೀಕರಣ ಘಟಕಗಳಲ್ಲಿ ಯಂತ್ರಕ್ಕೂ ಮೊದಲು ದುಡಿಯುವುದು ಹೆಚ್ಚಾಗಿ ಬ್ಯಾಕ್ಟೀರಿಯಾ. ದೊಡ್ಡ ತೊಟ್ಟಿಯಲ್ಲಿ ಗಾಳಿ ಊದಿ ಅವುಗಳನ್ನು ಸಾಕುತ್ತಾರೆ, ಅವು ಕೊಳೆಯನ್ನು ತಿನ್ನುತ್ತವೆ. ಲೆಕ್ಕ ಸರಳ: ಕೆಸರಿನ ಜೊತೆ ಹೊರಹೋಗುವುದಕ್ಕಿಂತ ಬೇಗ ಅವು ಒಡೆದು ಎರಡಾಗಬೇಕು. ತಡವಾದರೆ ತೊಟ್ಟಿ ಖಾಲಿ. ಅಂದ್ರೆ ಇಡೀ ಘಟಕ ನಿಂತಿರುವುದು ಕಣ್ಣಿಗೆ ಕಾಣದ ಒಂದು ವಿಭಜನೆಯ ಮೇಲೆ.

ಈ ವಿಭಜನೆಯನ್ನು ಹೆಚ್ಚು ಓದಿರುವುದು ಕರುಳಿನಲ್ಲಿರುವ ಇ. ಕೋಲೈಯಲ್ಲಿ. ಅದರ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಗಳು. ಅದನ್ನು ಪೂರ್ತಿ ನಕಲು ಮಾಡಲು 40 ನಿಮಿಷ ಬೇಕು. ಆದರೆ ಒಳ್ಳೆಯ ಆಹಾರ ಸಿಕ್ಕರೆ ಅದು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ! ಅದು ಹೇಗೆ? ತಾನು ಒಡೆಯುವ ಮೊದಲೇ ಮುಂದಿನ ತಲೆಮಾರುಗಳಿಗೆ ಬೇಕಾದ ನಕಲು ಶುರು ಮಾಡಿರುತ್ತದೆ. ಮಗಳ ಮದುವೆಗೂ ಮೊದಲೇ ಮೊಮ್ಮಗಳಿಗೆ ಚಿನ್ನ ಮಾಡಿಸಿಟ್ಟ ಹಾಗೆ.

ನಕಲಾದ ಮೇಲೆ ನಡು ಕತ್ತರಿಸಬೇಕಲ್ಲ. ಅದರ ಜೀನ್‌ಗಳು ಸಿಕ್ಕಿದ್ದು ಕೆಟ್ಟುಹೋದ ಬ್ಯಾಕ್ಟೀರಿಯಾಗಳಿಂದ. 1960ರ ದಶಕದಲ್ಲಿ ಯುಕಿನೋರಿ ಹಿರೋಟಾ ಮತ್ತು ಸಂಗಡಿಗರು ವಿಚಿತ್ರ ತಳಿಗಳನ್ನು ಆರಿಸಿ ತೆಗೆದರು. 30 ಡಿಗ್ರಿ ಶಾಖದಲ್ಲಿ ಅವು ಸರಿಯಾಗಿ ಒಡೆಯುತ್ತವೆ. 42 ಡಿಗ್ರಿಗೆ ಏರಿಸಿದರೆ ಬೆಳೆಯುತ್ತವೆ, ಆದರೆ ಒಡೆಯುವುದಿಲ್ಲ. ಶಾವಿಗೆಯಂತೆ ಉದ್ದ ಎಳೆಯಾಗುತ್ತವೆ. ಈ ಗುಂಪಿನ ಜೀನ್‌ಗಳಿಗೆ 'ಎಫ್‌ಟಿಎಸ್' ಎಂದು ಹೆಸರಾಯಿತು. ಅವುಗಳಲ್ಲಿ ಮುಖ್ಯವಾದದ್ದು ಎಫ್‌ಟಿಎಸ್‌ಝಡ್. ಅದರ ಪ್ರೋಟೀನ್ ಜೀವಕೋಶದ ನಡುವಿನಲ್ಲಿ ಬಳೆಯಂತೆ ಸುತ್ತಿಕೊಳ್ಳುತ್ತದೆ ಎಂದು 1991ರಲ್ಲಿ ಬೀ ಮತ್ತು ಲುಟ್ಕೆನ್‌ಹಾಸ್ ತೋರಿಸಿದರು. ಆ ಬಳೆಯ ಜಾಗದಲ್ಲೇ ಹೊಸ ಗೋಡೆ ಏಳುತ್ತದೆ.

ನಡು ಯಾವುದು ಎಂದು ಅದಕ್ಕೆ ಹೇಗೆ ಗೊತ್ತು? ಮಿನ್ ಎಂಬ ಇನ್ನೊಂದು ಗುಂಪಿನ ಪ್ರೋಟೀನ್‌ಗಳು ಈ ತುದಿಯಿಂದ ಆ ತುದಿಗೆ ಓಡಾಡುತ್ತಾ ಇರುತ್ತವೆ. ಅವು ಹೆಚ್ಚಿರುವ ತುದಿಗಳಲ್ಲಿ ಬಳೆ ಕಟ್ಟಲು ಬಿಡುವುದಿಲ್ಲ, ಉಳಿಯುವುದು ನಡು ಮಾತ್ರ. ಮಿನ್ ಜೀನ್ ಕೆಟ್ಟರೆ ತುದಿಯಲ್ಲೇ ತುಂಡಾಗಿ ಡಿಎನ್‌ಎ ಇಲ್ಲದ ಪುಟ್ಟ ಕೋಶ ಹುಟ್ಟುತ್ತದೆ.

ತಿರುಪ್ಪೂರಿಗೆ ಹತ್ತಿರದ ವಿಷಯ ಸುಲ್‌ಎ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಇ. ಕೋಲೈ ಈ ಪ್ರೋಟೀನ್ ತಯಾರಿಸಿ ಬಳೆ ಕಟ್ಟುವುದನ್ನು ತಡೆಯುತ್ತದೆ. ರಿಪೇರಿ ಮುಗಿಯದೆ ಒಡೆಯುವುದು ಬೇಡ ಅಂತ. ಬೆಂಜಿಡಿನ್‌ನಿಂದ ಮಾಡಿದ ಹಳೆಯ ಅಜೋ ಬಣ್ಣಗಳು ಒಡೆದಾಗ ಹೊರಬರುವ ಅಮೈನ್‌ಗಳು ಡಿಎನ್‌ಎಗೆ ಪೆಟ್ಟು ಕೊಡುವಂಥವೇ. ಬೆಂಜಿಡಿನ್ ಮನುಷ್ಯರಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೂ ಕಾರಣ. ಬ್ಯಾಕ್ಟೀರಿಯಾ ವಿಭಜನೆ ನಿಲ್ಲಿಸಿ ಕಾಯುತ್ತದೆ, ಡೈ ಮಾಡುವ ಕಾರ್ಮಿಕನಿಗೆ ಆ ಅನುಕೂಲ ಇಲ್ಲ.

ಪಕ್ಕದ ಈರೋಡ್ ಅರಿಶಿನದ ಪೇಟೆ. 2008ರಲ್ಲಿ ಮುಂಬೈ ಐಐಟಿಯ ದುಲಾಲ್ ಪಾಂಡಾ ಅವರ ತಂಡ, ಅರಿಶಿನದ ಕರ್ಕ್ಯುಮಿನ್ ಇದೇ ಬಳೆಯನ್ನು ಕಟ್ಟಲು ಬಿಡದೆ ಬ್ಯಾಕ್ಟೀರಿಯಾವನ್ನು ಉದ್ದವಾಗಿಸುತ್ತದೆ ಎಂದು ವರದಿ ಮಾಡಿತು. ಇದು ಪ್ರಯೋಗಾಲಯದ ಮಾತು. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಹಾಗಾಗಿ ಅರಿಶಿನದ ಹಾಲು ಕುಡಿದು ಡಾಕ್ಟರ್ ಕೊಟ್ಟ ಆ್ಯಂಟಿಬಯೋಟಿಕ್ ಬಿಡುವಂತಿಲ್ಲ. ಸೆಫಲೆಕ್ಸಿನ್‌ನಂಥ ಮಾತ್ರೆ ಇ. ಕೋಲೈಯ ನಡುಗೋಡೆ ಕಟ್ಟುವ ಪ್ರೋಟೀನ್‌ಗೇ ಅಂಟಿಕೊಂಡು ಕೆಲಸ ಮಾಡುತ್ತದೆ.

ಬ್ಯಾಕ್ಟೀರಿಯಾಕ್ಕೆ ಆಗದ ಕೆಲಸವೂ ಇದೆ: ಉಪ್ಪು. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಲು ಸುರಿಯುವ ಉಪ್ಪನ್ನು ಯಾವ ಜೀವಿಯೂ ತಿಂದು ಮುಗಿಸುವುದಿಲ್ಲ. ಅದಕ್ಕೆ ಆರ್‌ಒ ಬೇಕು, ಉಳಿದ ನೀರನ್ನು ಕುದಿಸಿ ಆವಿ ಮಾಡಬೇಕು, ಖರ್ಚೆಲ್ಲ ಅಲ್ಲೇ. ಕೊನೆಗೆ ಉಳಿಯುವ ಮಿಶ್ರ ಉಪ್ಪಿನ ಚೀಲಗಳನ್ನು ಎಲ್ಲಿಡುವುದು ಎಂಬುದು ಘಟಕಗಳಿಗೆ ದೊಡ್ಡ ತಲೆನೋವು.