ದ್ರಾಕ್ಷಾರಸವೂ ರಾಯರ ಹೃದಯವೂ

ಕಳೆದ ಕ್ರಿಸ್ಮಸ್ಸಿನ ಮರುವಾರ ಏಲೂರಿನಲ್ಲಿ ನಮ್ಮ ಹಿರಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಉದ್ಯೋಗಮಂಡಲದ ಕಾರ್ಖಾನೆಯ ಕೆಲಸಕ್ಕೆಂದು ಬಂದು, ನಿವೃತ್ತರಾದ ಮೇಲೂ ಪೆರಿಯಾರಿನ ದಡ ಬಿಡಲಾರದೆ ಇಲ್ಲಿಯೇ ನಿಂತವರು. ರಾಯರೆಂದು ಕರೆಯೋಣ. ಎರಡು ವರ್ಷದ ಹಿಂದೆ ಎದೆನೋವು ಬಂದು ಸ್ಟೆಂಟು ಹಾಕಿಸಿಕೊಂಡಿದ್ದಾರೆ. ಮೇಜಿನ ಮೇಲೆ ಮಾತ್ರೆಗಳ ಡಬ್ಬಿ. ಅದರ ಪಕ್ಕದಲ್ಲಿಯೇ ಒಂದು ಸೀಸೆ ಕೆಂಪು ವೈನು!

ನಮ್ಮ ಕಣ್ಣು ಅತ್ತ ಹೋದುದನ್ನು ಕಂಡು ರಾಯರು ನಕ್ಕರು. "ಪಕ್ಕದ ಮನೆಯ ಚೇಚಿ ಮಾಡಿ ಕೊಟ್ಟದ್ದು ಸ್ವಾಮಿ. ಹೃದಯಕ್ಕೆ ಒಳ್ಳೆಯದಂತಲ್ಲ? ರಾತ್ರಿ ಊಟಕ್ಕೆ ಮುಂಚೆ ಅರ್ಧ ಲೋಟ, ಔಷಧಿಯ ಹಾಗೆ."

"ಔಷಧಿಯಂತೆ! ಮೊನ್ನೆ ರಾತ್ರಿ ಎದ್ದು ನಿಂತವರು ತಲೆ ತಿರುಗಿ ಗೋಡೆ ಹಿಡಿದರು. ನೀವಾದರೂ ಒಂದು ಮಾತು ಹೇಳಿ" ಎಂದರು ಒಳಗಿನಿಂದ ಅವರ ಮನೆಯವರು.

ನಾವು ವೈದ್ಯರಲ್ಲ. ಓದಿ ತಿಳಿದು ಹೇಳುತ್ತೇವೆಂದು ಮಾತು ಕೊಟ್ಟು ಬಂದೆವು. ಈ ನಂಬಿಕೆ ರಾಯರೊಬ್ಬರ ಮನೆಯಲ್ಲಿ ಮಾತ್ರ ಇಲ್ಲವಾದ್ದರಿಂದ ತಿಳಿದುದನ್ನು ಇಲ್ಲಿಯೂ ಬರೆಯುತ್ತಿದ್ದೇವೆ.

ಮಾತು ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲ್ಲಿಯ ಜನ ಬೆಣ್ಣೆ, ಗಿಣ್ಣು, ಮಾಂಸ ಎಲ್ಲವನ್ನೂ ಧಾರಾಳವಾಗಿ ತಿಂದರೂ ಹೃದ್ರೋಗ ಅವರಲ್ಲಿ ಕಡಿಮೆಯೆಂದು ಕಂಡುಬಂತು. ಅದಕ್ಕೆ ಅವರು ಕುಡಿಯುವ ವೈನೇ ಕಾರಣವಿರಬಹುದೆಂದು 1991ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಮರುವರ್ಷ ಸರ್ಜ್ ರೆನೋ ಎಂಬ ವಿಜ್ಞಾನಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಅಮೆರಿಕದ ಅಂಗಡಿಗಳಲ್ಲಿ ಕೆಂಪು ವೈನಿಗೆ ಗಿರಾಕಿ ಹೆಚ್ಚಿತೆಂದು ಬೇರೆ ಹೇಳಬೇಕೆ? ಇಷ್ಟವಾದುದನ್ನು ವೈದ್ಯನೂ ಹೇಳಿದರೆ ಯಾರಿಗೆ ಬೇಡ!

ಆಮೇಲೆ ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಎಂಬ ವಸ್ತುವಿನ ಮೇಲೆ ಎಲ್ಲರ ಗಮನ ಹರಿಯಿತು. 2006ರಲ್ಲಿ ಕೊಬ್ಬು ತಿನ್ನಿಸಿದ ಇಲಿಗಳಿಗೆ ಇದನ್ನು ಕೊಟ್ಟಾಗ ಅವುಗಳ ಆರೋಗ್ಯ ಸುಧಾರಿಸಿತು. ಆದರೆ ಒಂದು ಲೀಟರು ವೈನಿನಲ್ಲಿ ಇದಿರುವುದು ಕೆಲವೇ ಮಿಲಿಗ್ರಾಂ. ಇಲಿಗೆ ಕೊಟ್ಟ ಲೆಕ್ಕದಲ್ಲಿ ರಾಯರಿಗೂ ಸಲ್ಲಬೇಕಾದರೆ ದಿನಕ್ಕೆ ನೂರಾರು ಸೀಸೆ ಬೇಕು. ಇದರ ಗುಣಗಳನ್ನು ಹಲವಾರು ಲೇಖನಗಳಲ್ಲಿ ಹೊಗಳಿದ್ದ ದೀಪಕ್ ದಾಸ್ ಎಂಬ ವಿಜ್ಞಾನಿ 145 ಕಡೆ ಫಲಿತಾಂಶಗಳನ್ನು ತಿದ್ದಿದ್ದರೆಂದು 2012ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಇಟಲಿಯಲ್ಲಿ ವೈನಿಗೆ ಹೆಸರಾದ ಕಿಯಾಂಟಿ ಸೀಮೆಯ 783 ಮಂದಿ ವೃದ್ಧರನ್ನು ಒಂಬತ್ತು ವರ್ಷ ಗಮನಿಸಿ 2014ರಲ್ಲಿ ವರದಿ ಬಂತು: ಮೈಯಲ್ಲಿ ಈ ವಸ್ತು ಹೆಚ್ಚಿದ್ದವರಿಗೂ ಕಡಿಮೆಯಿದ್ದವರಿಗೂ ಹೃದ್ರೋಗದಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಸ್ವಲ್ಪ ಕುಡಿಯುವವರ ಹೃದಯ ಚೆನ್ನಾಗಿರುವುದೆಂಬ ಲೆಕ್ಕಗಳೆಲ್ಲ ಸುಳ್ಳೆ? ಸುಳ್ಳಲ್ಲ, ಅರ್ಥ ಮಾಡಿದ್ದು ತಪ್ಪು. ಕುಡಿಯದವರ ಗುಂಪಿನಲ್ಲಿ ಕಾಯಿಲೆ ಬಿದ್ದು ಬಿಟ್ಟವರೂ ಸೇರಿರುತ್ತಾರೆ. ಮಿತವಾಗಿ ಕುಡಿಯುವವರೋ, ಬ್ರಿಟನ್ನಿನ ಲಕ್ಷಾಂತರ ಜನರನ್ನು ನೋಡಿದ 2022ರ ಅಧ್ಯಯನದಂತೆ, ಹೆಚ್ಚು ನಡೆಯುವವರು, ತರಕಾರಿ ತಿನ್ನುವವರು, ಹೊಗೆಬತ್ತಿ ಕಡಿಮೆ ಸೇದುವವರು. ಪುಣ್ಯ ಯಾರದೋ, ಹೆಸರು ವೈನಿಗೆ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಈ ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳ ಹೃದಯಾಘಾತಗಳನ್ನು ಪರಿಶೀಲಿಸಿ 2004ರಲ್ಲಿ ವರದಿ ಬಂತು. ಒಟ್ಟು ಲೆಕ್ಕದಲ್ಲಿ ಕುಡಿತದಿಂದ ಅಷ್ಟಿಷ್ಟು ರಕ್ಷಣೆ ಇದ್ದಂತೆ ಕಂಡಿತು. ಆದರೆ ಭಾರತ ಮತ್ತು ನೆರೆದೇಶಗಳವರನ್ನು ಬೇರೆಯಾಗಿ ನೋಡಿದ 2007ರ ವರದಿಯಲ್ಲಿ ಆ ಅಷ್ಟಿಷ್ಟೂ ಇರಲಿಲ್ಲ! ನಮ್ಮವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ. ಬೇರೆಡೆ 59ರ ಹತ್ತಿರ. ಕಾರಣಗಳಾಗಿ ಕಂಡವು ಹೊಗೆಬತ್ತಿ, ರಕ್ತದ ಕೊಬ್ಬು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಬೊಜ್ಜಿನ ಹೊಟ್ಟೆ ಮುಂತಾದುವು. ಮದ್ಯವಾದರೋ ಒತ್ತಡವನ್ನು ಏರಿಸತಕ್ಕದ್ದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ನಿರಪಾಯವೆನ್ನಬಹುದಾದ ಕುಡಿತದ ಅಳತೆಯೇ ಇಲ್ಲವೆಂದಿತು. ಅದಕ್ಕೆ ಕ್ಯಾನ್ಸರಿನ ಭಯವೂ ಸೇರಿದೆ.

ಚೇಚಿಯ ವೈನಿನ ಮಾತು ಬೇರೆ. ಭರಣಿಯಲ್ಲಿ ದ್ರಾಕ್ಷಿ, ಲವಂಗ, ಚಕ್ಕೆ, ಈಸ್ಟು ಹಾಕಿ ಇಪ್ಪತ್ತೊಂದು ದಿನ ಕದಡುತ್ತಾರೆ. ಕಿಲೋ ದ್ರಾಕ್ಷಿಗೆ ಕಿಲೋ ಸಕ್ಕರೆ. ಅಬಕಾರಿ ಕಾನೂನು ಇದಕ್ಕೆ ಏನೆನ್ನುತ್ತದೆಂಬುದನ್ನು ಕೇಳುವುದು ಬೇಡ! ರುಚಿಯೇನೋ ಉಂಟು. ಆದರೆ ಅದರ ಸಾರವೆಷ್ಟು, ಉಳಿದ ಸಕ್ಕರೆಯೆಷ್ಟು ಎಂದು ಅಳೆದವರಿಲ್ಲ. ಅಜ್ಜಿಯರು ಕೊಡುತ್ತಿದ್ದ ದ್ರಾಕ್ಷಾಸವದಲ್ಲಿಯೂ ಹುದುಗಿ ಹುಟ್ಟಿದ ಮದ್ಯಸಾರವಿತ್ತು. ಆದರೆ ಅವರು ಚಮಚದಲ್ಲಿ ಅಳೆಯುತ್ತಿದ್ದರು, ಲೋಟದಲ್ಲಲ್ಲ.

ಮುಖ್ಯವಾದುದು ಮಾತ್ರೆಗಳು. ಎದೆನೋವಿಗೆ ಕೊಡುವ ನೈಟ್ರೇಟು, ಒತ್ತಡದ ಮಾತ್ರೆ, ಇವುಗಳೊಡನೆ ಮದ್ಯ ಸೇರಿದರೆ ಒತ್ತಡ ತಟ್ಟನೆ ಇಳಿದು ತಲೆ ತಿರುಗೀತು. ಆಸ್ಪಿರಿನ್ನಿನೊಡನೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ತಾನೇ ತಯಾರಿಸಿ 1990ರಲ್ಲಿ ಮೊದಲ ಸಲ ಜೋಡಿಸಿದಂಥ ಯಾಂತ್ರಿಕ ಕವಾಟವಿದ್ದವರಂತೂ ರಕ್ತ ಹೆಪ್ಪುಗಟ್ಟದಂತೆ ಬಾಳೆಲ್ಲ ಮಾತ್ರೆ ನುಂಗಬೇಕು. ಮದ್ಯ ಆ ಮಾತ್ರೆಯ ಅಳತೆಯನ್ನೇ ಕೆಡಿಸುತ್ತದೆ. (ಆ ಕವಾಟದ ಕೆಲಸಕ್ಕೆ ಮುಂದಾಳಾಗಿದ್ದ ಡಾ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲಕ್ಕೆ ಕುಲಪತಿಗಳಾಗಿ ಬಂದರೆಂಬುದು ವಾಚಕರಿಗೆ ಸಂತೋಷದ ವಿಷಯ.)

ಇಷ್ಟನ್ನೂ ರಾಯರಿಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲೆ ತಿರುಗಿದ್ದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಬೈದಾರೆಂದು" ಎಂದರು. ಮರುದಿನವೇ ಹೋಗಿ ಹೇಳಿ ಬಂದರು; ಬೈಸಿಕೊಂಡೂ ಬಂದರು. ಸೀಸೆಯನ್ನು ಹಿಂದಿರುಗಿಸಿದರೆ ಚೇಚಿ ನೊಂದುಕೊಂಡಾರೆಂದು ರಾಯರ ಮನೆಯವರಿಗೆ ಅಳುಕಿತ್ತು. ಸಂಗತಿ ಕೇಳಿದ ಆಕೆಯೇ ಹೌಹಾರಿ, ಸೀಸೆ ವಾಪಸು ತೆಗೆದುಕೊಂಡು, ಬರುವ ಕ್ರಿಸ್ಮಸ್ಸಿಗೆ ಪ್ಲಮ್ ಕೇಕು ಕಳಿಸುತ್ತೇನೆಂದಿದ್ದಾರೆ. ಅದರಲ್ಲಿ ಎಷ್ಟು ಬೆಣ್ಣೆ, ಎಷ್ಟು ಸಕ್ಕರೆ ಎಂದು ರಾಯರ ಮನೆಯವರು ಈಗಲೇ ವಿಚಾರಿಸಲು ಹೊರಟಿದ್ದಾರೆ.