ಭಾವವಿದೆ, ದನಿಯಿಲ್ಲ

ಎಡ ಮಿದುಳಿನವರು ಲೆಕ್ಕಾಚಾರಸ್ಥರು, ಬಲ ಮಿದುಳಿನವರು ಭಾವಜೀವಿಗಳು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಬರೀ ಹರಟೆಯ ಸರಕಾಗಿದ್ದರೆ ಬಿಟ್ಟುಬಿಡಬಹುದಿತ್ತು. ಪಾರ್ಶ್ವವಾಯು ಬಡಿದ ಮನೆಯಲ್ಲಿ ಮಾತ್ರ ಈ ತಪ್ಪು ತಿಳಿವಳಿಕೆ ರೋಗಿಯ ಮೇಲೆ ಅನ್ಯಾಯದ ಆರೋಪವಾಗಿಬಿಡುತ್ತದೆ. ಅಮೆರಿಕದ ನರತಜ್ಞರಾದ ಎಲಿಯಟ್ ರಾಸ್ ಮತ್ತು ಮಾರ್ಸೆಲ್ ಮೆಸುಲಮ್ 1979ರಲ್ಲಿ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣವನ್ನು ದಾಖಲಿಸಿದರು. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಮೇಲೂ ಅವರ ಪದಗಳು, ವಾಕ್ಯಗಳು ನೆಟ್ಟಗಿದ್ದವು. ದನಿಯ ಏರಿಳಿತ ಹೋಗಿತ್ತು. ಗದರಿದರೂ ಮಕ್ಕಳಿಗೆ ಅದು ಗದರಿಕೆ ಅನಿಸುತ್ತಿರಲಿಲ್ಲ. ಸಿಟ್ಟು ಬಂದಿದೆ, ನಿಜವಾಗಿಯೂ ಬಂದಿದೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಒಳಗೆ ಸಿಟ್ಟಿತ್ತು, ಅದು ಹೊರಬರುವ ದಾರಿ ಕಟ್ಟಿಹೋಗಿತ್ತು. 'ಬಂದ್ಯಾ' ಎಂಬ ನಮ್ಮ ಒಂದೇ ಪದವನ್ನು ಅಕ್ಕರೆಯಿಂದಲೂ ಅನ್ನಬಹುದು, ಬೇಸರದಿಂದಲೂ ಅನ್ನಬಹುದು, ಮೂದಲಿಸಿಯೂ ಅನ್ನಬಹುದು. ಬಹುತೇಕ ಜನರಲ್ಲಿ ಪದ ಎಡಭಾಗದ್ದಾದರೆ, ಅದಕ್ಕೆ ಬಣ್ಣ ಕೊಡುವ ರಾಗ ಹೆಚ್ಚಾಗಿ ಬಲಭಾಗದ್ದು. ಹಾಗಾಗಿ ಎರಡು ಪಾರ್ಶ್ವಗಳು ಹಂಚಿಕೊಂಡಿರುವುದು ಭಾವನೆಯ ಕೆಲಸಗಳನ್ನು ಎಂಬುದು ನನ್ನ ವಾದ. ಭಾವನೆಯೇ ಒಂದು ಕಡೆ ಮನೆ ಮಾಡಿಕೊಂಡಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಇಟಲಿಯ ಗೀಡೊ ಗೈನೊಟ್ಟಿ 1972ರಲ್ಲಿ 160 ರೋಗಿಗಳನ್ನು ಗಮನಿಸಿ, ಎಡಭಾಗ ಕೆಟ್ಟವರಲ್ಲಿ ಅಳು, ಹತಾಶೆ ಹೆಚ್ಚು, ಬಲಭಾಗ ಕೆಟ್ಟವರಲ್ಲಿ ನಿರ್ಲಿಪ್ತತೆ ಹೆಚ್ಚು ಎಂದರು. ಹಾಗಿದ್ದರೆ ಸಂತೋಷ ಎಡದ್ದು, ದುಃಖ ಬಲದ್ದು ಎನ್ನಬಾರದೇಕೆ? ಆದರೆ ಎಡಭಾಗ ಕೆಟ್ಟು ಮಾತೇ ಕಳೆದುಕೊಂಡವರು ಅದನ್ನರಿತು ಅಳುವುದು ಸಹಜ. ಬಲಭಾಗ ಕೆಟ್ಟಾಗಲಾದರೋ, ತನಗೆ ಕಾಯಿಲೆಯಿದೆ ಎಂಬ ಅರಿವೇ ಕೆಲವೊಮ್ಮೆ ಅಳಿಸಿಹೋಗುತ್ತದೆ. ಫ್ರಾನ್ಸಿನ ನರತಜ್ಞ ಬಾಬಿನ್‌ಸ್ಕಿ 1914ರಲ್ಲೇ ಈ ಸ್ಥಿತಿಗೆ ಹೆಸರಿಟ್ಟಿದ್ದರು. ಇನ್ನು ಸಿಟ್ಟು ಹಿತವಾದ ಭಾವವೇನಲ್ಲ, ಆದರೂ ಹಲವು ಇಇಜಿ (ಮಿದುಳಿನ ವಿದ್ಯುತ್ ಅಲೆಗಳ) ಅಧ್ಯಯನಗಳಲ್ಲಿ ಅದು ಎಡ ಮುಂಭಾಗದ ಚಟುವಟಿಕೆಯ ಜೊತೆ ಕಾಣಿಸಿಕೊಂಡಿದೆ. ಸಿಟ್ಟು ಮುನ್ನುಗ್ಗಿಸುತ್ತದೆ, ಭಯ ಹಿಂದೆಳೆಯುತ್ತದೆ. ಎಡ-ಬಲದ ಗೆರೆಯನ್ನು ಈ ಮುನ್ನುಗ್ಗುವಿಕೆ, ಹಿಂಜರಿಕೆಗಳ ನಡುವೆ ಹುಡುಕುವುದು ಹೆಚ್ಚು ಸರಿ. ಆ ಗೆರೆಯೂ ತೆಳು. ಪಾರ್ಶ್ವವಾಯುವಿನ ನಂತರದ ಖಿನ್ನತೆ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2000ದಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಪ್ರಕಟಿಸಿದ ಪರಿಶೀಲನೆಗೆ, ಪೆಟ್ಟು ಬಿದ್ದ ಪಾರ್ಶ್ವಕ್ಕೂ ಖಿನ್ನತೆಗೂ ನಂಟು ಸಿಗಲಿಲ್ಲ. ಸುಮಾರು 20 ಕೋಟಿ ನರತಂತುಗಳು ಎರಡೂ ಪಾರ್ಶ್ವಗಳನ್ನು ಬೆಸೆದಿರುವಾಗ ಇದರಲ್ಲಿ ಅಚ್ಚರಿಯಿಲ್ಲ.

ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ, ಆಸ್ಪತ್ರೆಯಿಂದ ಮನೆಗೆ ಬಂದ ಯಜಮಾನರು ಮೊಮ್ಮಗುವನ್ನು ಕಂಡೂ ಮುಖ ಅರಳಿಸದಿದ್ದರೆ, ಹೆಂಡತಿಯ ದನಿಯಲ್ಲಿನ ದುಃಖ ಗುರುತಿಸದಿದ್ದರೆ, 'ಇವರಿಗೆ ನಮ್ಮ ಮೇಲೆ ಪ್ರೀತಿಯೇ ಹೋಯ್ತು' ಎಂದು ಮನೆಯವರು ಕೊರಗುತ್ತಾರೆ. ಕೈಕಾಲಿನ ವ್ಯಾಯಾಮ ಹೇಳಿಕೊಡುವಷ್ಟೇ ಕಾಳಜಿಯಿಂದ, ಕಟ್ಟಿರುವುದು ಭಾವ ಹೊರಬರುವ ದಾರಿ ಎಂಬ ಸಂಗತಿಯನ್ನೂ ವೈದ್ಯರು ಅವರಿಗೆ ಬಿಡಿಸಿ ಹೇಳಬೇಕು. ಮನೆಯವರೂ ದನಿಯಲ್ಲಿ ಸೂಚಿಸಿ ಕಾಯುವ ಬದಲು 'ನನಗೆ ಬೇಜಾರಾಗಿದೆ' ಎಂದು ನೇರವಾಗಿ ಅಂದುನೋಡಲಿ. ಆ ಪದಗಳನ್ನು ಹಿಡಿಯಬಲ್ಲ ಎಡಭಾಗ ಇನ್ನೂ ಎಚ್ಚರವಾಗಿದೆ.