ದಂಡಿನ ದಫ್ತರಗಳೂ ಐರಿಷ್ ಪೂರ್ವಿಕರ ಶೋಧನೆಯೂ

ಹೆಬ್ಬಾಳದಲ್ಲಿ 2018ರಲ್ಲಿ ದೊರೆತ ವೀರಗಲ್ಲು ಗಂಗರಾಜನಾದ ಶ್ರೀಪುರುಷನ ಆಳಿಕೆಯದು, ಸುಮಾರು ಕ್ರಿ. ಶ. 750ರದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬವನ ಹೆಸರು ಅದರಲ್ಲಿ ಉಕ್ತವಾಗಿದೆ. ಹನ್ನೆರಡು ಶತಮಾನಗಳ ಹಿಂದಿನ ಈ ವೀರನ ಹೆಸರನ್ನು ಆತನು ಸತ್ತ ನಾಡಿನಲ್ಲಿಯೇ ಓದಬಹುದಾಗಿದೆ. ಆದರೆ ಆ ಊರಿಗೆ ಎರಡು ಹರದಾರಿಯೊಳಗೆ, ಬೆಂಗಳೂರಿನ ದಂಡಿನಲ್ಲಿ, ನೂರೈವತ್ತು ವರ್ಷಗಳ ಕೆಳಗೆ ಇದ್ದ ಐರಿಷ್ ಸಿಪಾಯಿಯೊಬ್ಬನ ಹುಟ್ಟೂರನ್ನು ತಿಳಿಯಬೇಕಾದರೆ ಮೂರು ದೇಶಗಳ ದಫ್ತರಗಳನ್ನು ತೆರೆಯಬೇಕಾಗುತ್ತದೆ.

ದಂಡು ಏರ್ಪಟ್ಟದ್ದು 1809ರಲ್ಲಿ. ಅದು ಮೈಸೂರು ಸಂಸ್ಥಾನಕ್ಕೆ ಮರಳಿದುದು 1947ರಲ್ಲಿ. ಈ ನಡುವಣ ಕಾಲದಲ್ಲಿ ಬಂದುಹೋದ ಬಿಳಿಯ ಪಟಾಲಮುಗಳಲ್ಲಿ ಐರ್ಲೆಂಡಿನವರು ಅನೇಕರಿದ್ದರು. ಐರ್ಲೆಂಡಿನ ರಕ್ಷಕಸಂತನಾದ ಪ್ಯಾಟ್ರಿಕ್ಕನ ಹೆಸರಿನ ಚರ್ಚು ಇಂದಿಗೂ ಬೆಂಗಳೂರಿನಲ್ಲಿದೆ. ಚರ್ಚುಗಳಲ್ಲಿ ನಡೆದ ಜ್ಞಾನಸ್ನಾನ, ವಿವಾಹ, ಸಮಾಧಿಗಳನ್ನು ಪಾದ್ರಿಗಳು ದಫ್ತರದಲ್ಲಿ ಬರೆಯುತ್ತಿದ್ದರು. ಅದರ ನಕಲು ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಈ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಶೋಧಕರು ಬಹುಮಟ್ಟಿಗೆ ಅವನ್ನೇ ನೋಡಿ ತೃಪ್ತರಾಗುವುದುಂಟು. ಓಲೆಯ ಪ್ರತಿಗಳನ್ನು ಪರಿಷ್ಕರಿಸಿದವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ: ಮಾತೃಕೆ ಬೇರೆ, ಪ್ರತಿ ಬೇರೆ.

ಬೆಂಗಳೂರಿನ ದಫ್ತರದಲ್ಲಿ ಸಿಪಾಯಿಯ ಹೆಸರೂ ಪಟಾಲಮೂ ಸಿಕ್ಕುತ್ತವೆ. ಹುಟ್ಟೂರು ಸಿಕ್ಕುವುದು ಅಪರೂಪ. ಅದಕ್ಕೆ ಸೈನ್ಯದ ಕಾಗದಗಳಿಗೆ ಹೋಗಬೇಕು. ರಾಜಸೈನ್ಯದವನಾದರೆ ಲಂಡನ್ನಿನ ಬಳಿ ಕ್ಯೂ ಎಂಬಲ್ಲಿರುವ ಪತ್ರಾಗಾರದಲ್ಲಿ, ಕಂಪನಿಯ ಸೈನ್ಯದವನಾದರೆ ಮೇಲೆ ಹೇಳಿದ ಲೈಬ್ರರಿಯಲ್ಲಿ ಹುಡುಕುವುದು ಕ್ರಮ. ರಾಜಸೈನ್ಯದ ಬಿಡುಗಡೆಪತ್ರಗಳಲ್ಲಿ ಜನಿಸಿದ ಪ್ಯಾರಿಷ್ಷನ್ನು ಹೇಳಿದೆ. ಆದರೆ 1883ಕ್ಕೆ ಮುಂಚೆ ಪಿಂಚಣಿ ಪಡೆದು ಬಿಟ್ಟವರ ಪತ್ರಗಳು ಮಾತ್ರ ಸಾಮಾನ್ಯವಾಗಿ ಉಳಿದಿವೆ. ಸೇವೆಯಲ್ಲಿಯೇ ಸತ್ತು ಬೆಂಗಳೂರಿನ ಮಣ್ಣು ಸೇರಿದವನಿಗೆ ಆ ಪತ್ರವೇ ಇಲ್ಲ.

ಪ್ಯಾರಿಷ್ ತಿಳಿದರೆ ಐರ್ಲೆಂಡಿಗೆ ಹೋಗಬಹುದು. ಅಲ್ಲಿ ಸರಕಾರವು ಎಲ್ಲರ ಜನನ, ವಿವಾಹ, ಮರಣಗಳನ್ನು ದಾಖಲಿಸಲಾರಂಭಿಸಿದ್ದು 1864ರಲ್ಲಿ. ಕ್ಯಾಥೊಲಿಕರಲ್ಲದವರ ವಿವಾಹಗಳು ಮಾತ್ರ 1845ರಿಂದ ದೊರೆಯುತ್ತವೆ. ಅದಕ್ಕೆ ಹಿಂದೆ ಚರ್ಚಿನ ದಫ್ತರವೇ ಗತಿ. 1922ರ ಜೂನ್ ತಿಂಗಳಲ್ಲಿ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸರಕಾರೀ ಪತ್ರಾಗಾರವು ಸುಟ್ಟುಹೋಗಿ, 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗವೂ ಪ್ರಾಟೆಸ್ಟೆಂಟ್ ಸ್ಥಾಪಿತ ಚರ್ಚಿನ ಅನೇಕ ದಫ್ತರಗಳೂ ಬೂದಿಯಾದವು. ಅಧಿಕಾರವಿದ್ದ ಧರ್ಮದ ದಾಖಲೆ ರಾಜಭಂಡಾರದಲ್ಲಿದ್ದುದರಿಂದ ಉರಿಯಿತು; ಬಡ ಕ್ಯಾಥೊಲಿಕ್ ಪಾದ್ರಿಗಳ ಪುಸ್ತಕಗಳು ಹಳ್ಳಿಗಳಲ್ಲಿಯೇ ಇದ್ದುದರಿಂದ ಉಳಿದವು. ವಿಧಿವಿಲಾಸವೆಂದರೆ ಇದೇ.

ಇನ್ನು ಒಂದೇ ಹೆಸರಿನವರನ್ನು ವಿಂಗಡಿಸುವ ಕಷ್ಟ. ಮೊದಲ ಮಗನಿಗೆ ತಾತನ ಹೆಸರಿಡುವ ರೂಢಿ ಅಲ್ಲಿಯೂ ಉಂಟು. ಯಲಹಂಕದ ಪ್ರಭುಗಳ ವಂಶದಲ್ಲಿ ಕೆಂಪೇಗೌಡರೆಂಬ ಹೆಸರು ಮರಳಿ ಮರಳಿ ಬಂದು ಒಬ್ಬರ ಕಾರ್ಯ ಮತ್ತೊಬ್ಬರಿಗೆ ಸಂದುದನ್ನು ಬಲ್ಲವರು ಇದನ್ನು ಸುಲಭವಾಗಿ ಊಹಿಸಬಹುದು. ಇದಲ್ಲದೆ ಕ್ಯಾಥೊಲಿಕ್ ದಫ್ತರಗಳು ಅನೇಕ ಕಡೆ ಲ್ಯಾಟಿನಿನಲ್ಲಿವೆ. ಜೇಮ್ಸನು ಅಲ್ಲಿ ಯಾಕೋಬುಸ್, ವಿಲಿಯಮ್ಮನು ಗುಲಿಯೆಲ್ಮುಸ್. ಓ'ಸಲ್ಲಿವನ್ ಎಂಬುದು ಒಂದು ಕಡೆ ‘ಓ’ಕಾರವನ್ನು ಕಳೆದುಕೊಂಡಿರುತ್ತದೆ. ಹೆಸರೂ ವಯಸ್ಸೂ ಹೊಂದಿದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎನ್ನಲಾಗದು. ಸೈನ್ಯಕ್ಕೆ ಸೇರುವವರು ಹೇಳಿದ ವಯಸ್ಸಂತೂ ನಂಬತಕ್ಕದ್ದಲ್ಲ. ಜ್ಞಾನಸ್ನಾನದ ಸಾಕ್ಷಿಗಳಾದ ಜ್ಞಾನತಂದೆತಾಯಿಗಳು ಹಲವು ವೇಳೆ ಬಂಧುಗಳೇ ಆಗಿರುವುದರಿಂದ ಅವರ ಹೆಸರುಗಳು ಪ್ರಬಲ ಪ್ರಮಾಣ. ತಾಯಿಯ ತವರುಮನೆಯ ಹೆಸರು ಅದಕ್ಕಿಂತಲೂ ಪ್ರಬಲ. ಅದನ್ನು ಆ ದಫ್ತರಗಳು ಸಾಮಾನ್ಯವಾಗಿ ಹೇಳುತ್ತವೆ.

ಈ ಒಂದು ಅಂಶದಲ್ಲಿ ಬೆಂಗಳೂರಿನ ದಾಖಲೆಗಳು ತೀರ ಬಡವಾಗಿವೆ. ಸಿಪಾಯಿಯು ಈ ದೇಶದ ಹೆಂಗಸನ್ನು ವರಿಸಿದ್ದರೆ, ಆಕೆಗೆ ಜ್ಞಾನಸ್ನಾನದಲ್ಲಿ ಇಟ್ಟ ಮೇರಿ, ಆನ್ ಮುಂತಾದ ಹೆಸರೊಂದೇ ಎಷ್ಟೋ ಕಡೆ ಉಳಿದಿದೆ. ಹಳೆಯ ದಫ್ತರಗಳಲ್ಲಿ ಮಗುವಿನ ತಾಯಿಯ ಹೆಸರೇ ಇಲ್ಲದಿರುವುದೂ ಉಂಟು. ಕನ್ನಡವೋ ತಮಿಳೋ ತೆಲುಗೋ ಆಡುತ್ತಿದ್ದ ಆಕೆಯ ಊರು, ತಂದೆ, ಮೊದಲ ಹೆಸರು ಯಾವುದೂ ತಿಳಿಯದು. ಶಾಸನಕರ್ತರೂ ಈ ಕೊರತೆಯನ್ನು ಎಣಿಸಲಿಲ್ಲ: ಭಾರತದ ಸಂವಿಧಾನದ 366ನೆಯ ಅನುಚ್ಛೇದವು ಆಂಗ್ಲೋ-ಇಂಡಿಯನರನ್ನು ಪಿತೃವಂಶದ ಯೂರೋಪಿಯನ್ ಮೂಲದಿಂದಲೇ ಲಕ್ಷಿಸುತ್ತದೆ. ಅವರಿಗಿದ್ದ ನಾಮಕರಣಸ್ಥಾನಗಳು 2020ರಲ್ಲಿ ನಿಂತುಹೋದರೂ ಲಕ್ಷಣವು ಹಾಗೆಯೇ ಇದೆ. ಪ್ರವರ ಒಪ್ಪಿಸುವವರು ಇದನ್ನು ಆಕ್ಷೇಪಿಸುವಂತಿಲ್ಲ. ಶ್ರಾದ್ಧದಲ್ಲಾದರೂ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಬರುತ್ತವೆ, ಪ್ರವರದಲ್ಲಿ ಅದೂ ಇಲ್ಲ.

ಆದಕಾರಣ ಮಾತೃವಂಶವನ್ನು ಅರಸುವವರು ಲಂಡನ್ನಿನ ನಕಲಿನಲ್ಲಿ ನಿಲ್ಲದೆ, ಸ್ಥಳದ ಚರ್ಚಿನಲ್ಲಿ ಮೂಲದಫ್ತರ ಉಳಿದಿದ್ದರೆ ಅದನ್ನು ನೋಡತಕ್ಕದ್ದು. ವಿವಾಹದ ಸಾಕ್ಷಿಗಳಲ್ಲಿ ಆಕೆಯ ಕಡೆಯವನೊಬ್ಬನು ಇದ್ದಿರಬಹುದು. ಅಕ್ಷರ ಬಾರದ ವಧು ಸಹಿಯ ಬದಲು ಶಿಲುಬೆಯ ಗುರುತನ್ನು ಎಳೆಯುತ್ತಿದ್ದಳು. ನಕಲಿನಲ್ಲಿ ಕಾಣುವ ಗುರುತು ಗುಮಾಸ್ತನ ಕೈಯದು, ಮೂಲದಲ್ಲಿರುವುದು ಆಕೆಯದು.